ದಾವಣಗೆರೆಯಿಂದ ಲಂಡನ್ನಿಗೆ ಎಷ್ಟು ದೂರ, ಎಷ್ಟು ಹೊತ್ತು?

ದಾವಣಗೆರೆಯ ನಡುವೆ ಹಾದುಹೋಗುವ ಹಳೆಯ ಹೆದ್ದಾರಿಯನ್ನು ಊರಿನವರು ಇಂದಿಗೂ ಪಿ.ಬಿ. ರಸ್ತೆ ಎಂದೇ ಕರೆಯುತ್ತಾರೆ. ಪುಣೆ–ಬೆಂಗಳೂರು ರಸ್ತೆ ಎಂಬುದರ ಚುಟುಕು ಹೆಸರು ಅದು. ಎರಡು ದೂರದ ನಗರಗಳ ಹೆಸರು ಹೊತ್ತ ರಸ್ತೆಯ ಮೇಲೆ ಬೆಳೆದ ಊರಿಗೆ ‘ಅಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು’ ಎಂಬ ಲೆಕ್ಕ ಹೊಸದಲ್ಲ; ಹತ್ತಿಯ ಲಾರಿಗಳೂ ಮೆಕ್ಕೆಜೋಳದ ಲಾರಿಗಳೂ ಆ ಲೆಕ್ಕದ ಮೇಲೆಯೇ ಓಡಿವೆ. ಆದರೆ ಮಕ್ಕಳು ಓದಿಗೋ ಕೆಲಸಕ್ಕೋ ಕಡಲಾಚೆ ಹೋಗಿರುವ ಮನೆಗಳಲ್ಲಿ ಈಗ ಅದೇ ಪ್ರಶ್ನೆಗೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೊಬೈಲು ಒಂದು ಅಂತರ ಹೇಳುತ್ತದೆ, ಟಿಕೆಟ್ಟು ಒಂದು ಸಮಯ ಹೇಳುತ್ತದೆ, ಹೋಗಿಬಂದವರು ಇನ್ನೊಂದನ್ನೇ ಹೇಳುತ್ತಾರೆ. ವಿಚಿತ್ರವೆಂದರೆ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ.

ಪಿ.ಜೆ. ಬಡಾವಣೆಯ ನಮ್ಮ ನೆರೆಮನೆಯ ಹಿರಿಯರು ಒಂದು ಸಂಜೆ ಎರಡು ಹಾಳೆ ಹಿಡಿದು ಬಂದರು. ಜನವರಿಯಲ್ಲಿ ಲಂಡನ್ನಿನ ಮಗಳ ಮನೆಗೆ ಹೋಗಿಬರಲು ತೆಗೆಸಿದ ಟಿಕೆಟ್ಟು. ಹೋಗುವ ಹಾಳೆಯ ಪ್ರಕಾರ ವಿಮಾನ ಬೆಂಗಳೂರು ಬಿಡುವುದು ಬೆಳಿಗ್ಗೆ 7.00ಕ್ಕೆ, ಲಂಡನ್ ತಲಪುವುದು ಅದೇ ದಿನ ಮಧ್ಯಾಹ್ನ 12.20ಕ್ಕೆ. ಬರುವ ಹಾಳೆಯ ಪ್ರಕಾರ ಲಂಡನ್ ಬಿಡುವುದು ರಾತ್ರಿ 8.30ಕ್ಕೆ, ಬೆಂಗಳೂರು ಸೇರುವುದು ಮರುದಿನ ಮಧ್ಯಾಹ್ನ 12.00ಕ್ಕೆ. “ಏನ್ರೀ ಸರ್ ಇದು, ಹೋಗಾಕೆ ಐದು ತಾಸು ಚಿಲ್ಲರೆ, ಬರಾಕೆ ಹದಿನೈದೂವರೆ ತಾಸು? ಬರುವಾಗ ಬೇರೆ ಊರು ಸುತ್ತಿಸ್ಕೊಂಡು ಕರ್ಕೊಂಬರ್ತಾರೇನು?” ಎಂದು ಅವರು ಕೇಳಿದರು. ಈ ಸಂದೇಹ ಬಹಳ ಮಂದಿಗೆ ಬರುತ್ತದೆ. ಅದನ್ನು ಬಿಡಿಸುತ್ತ ಹೋದರೆ ಎರಡು ನಗರಗಳ ನಡುವಿನ ಅಂತರ ಮತ್ತು ಹಾರಾಟದ ಸಮಯದ ಪೂರ್ತಿ ವಿಷಯವೇ ಬಿಡಿಸಿಕೊಳ್ಳುತ್ತದೆ.

ಮೊದಲು ಗಡಿಯಾರದ ಮಾತು. ವಿಮಾನದ ಟಿಕೆಟ್ಟಿನಲ್ಲಿ ಹೊರಡುವ ಸಮಯವನ್ನು ಹೊರಡುವ ಊರಿನ ಗಡಿಯಾರದಂತೆಯೂ ತಲಪುವ ಸಮಯವನ್ನು ತಲಪುವ ಊರಿನ ಗಡಿಯಾರದಂತೆಯೂ ಮುದ್ರಿಸುತ್ತಾರೆ. ಭಾರತದೊಳಗೆ ಎಲ್ಲ ಕಡೆ ಒಂದೇ ಗಡಿಯಾರ ಇರುವುದರಿಂದ ಬೆಂಗಳೂರು–ದೆಹಲಿ ಟಿಕೆಟ್ಟಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಪ್ರಯಾಣದ ಅವಧಿ ಸಿಕ್ಕಿಬಿಡುತ್ತದೆ. ಲಂಡನ್ ಟಿಕೆಟ್ಟಿನಲ್ಲಿ ಹಾಗೆ ಕಳೆದರೆ ಸಿಗುವುದು ಅವಧಿಯಲ್ಲ, ಎರಡು ಬೇರೆ ಗೋಡೆಗಳ ಮೇಲಿನ ಎರಡು ಗಡಿಯಾರಗಳ ವ್ಯತ್ಯಾಸ ಮಾತ್ರ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ. ಭಾರತದ ಗಡಿಯಾರವನ್ನು ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಲಾಗಿದೆ, ಅದೇ ಕಾರಣಕ್ಕೆ ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದೇವೆ. ದಾವಣಗೆರೆ ಇರುವುದು ಸುಮಾರು 76 ಡಿಗ್ರಿಯಲ್ಲಿ. ಆರೂವರೆ ಡಿಗ್ರಿಯ ಈ ವ್ಯತ್ಯಾಸದಿಂದಾಗಿ ನಮ್ಮ ಊರಿನ ನೆತ್ತಿಯ ಮೇಲೆ ಸೂರ್ಯ ಬರುವುದು ಗಡಿಯಾರದ 12 ಗಂಟೆಗಲ್ಲ, ವರ್ಷದ ಸರಾಸರಿಯಲ್ಲಿ 12 ಗಂಟೆ 26 ನಿಮಿಷದ ಹೊತ್ತಿಗೆ. ಬೆಂಗಳೂರಿಗಿಂತ ಆರೇಳು ನಿಮಿಷ ತಡ. ಪ್ರತಿ ಊರೂ ತನ್ನ ಸೂರ್ಯನನ್ನೇ ನಂಬಿದ್ದರೆ ಇಲ್ಲಿಂದ ಬೆಂಗಳೂರಿಗೆ ಹೋಗುವ ರೈಲಿನ ವೇಳಾಪಟ್ಟಿಗೂ ಇದೇ ಗೊಂದಲ ಅಂಟಿಕೊಳ್ಳುತ್ತಿತ್ತು. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಜಾರಿಗೆ ಬಂದದ್ದರಿಂದ ಆ ತೊಡಕು ದೇಶದೊಳಗೆ ಕ್ರಮೇಣ ನೀಗಿತು. ದೇಶದ ಗಡಿ ದಾಟಿದೊಡನೆ ಮತ್ತೆ ಎದುರಾಗುತ್ತದೆ.

ಹಿರಿಯರ ಟಿಕೆಟ್ಟನ್ನು ಈಗ ನೋಡಬಹುದು. ಲಂಡನ್ನಿನ ಮಧ್ಯಾಹ್ನ 12.20 ಎಂದರೆ ನಮ್ಮಲ್ಲಿ ಸಂಜೆ 5.50. ಬೆಳಿಗ್ಗೆ 7ರಿಂದ ಸಂಜೆ 5.50ಕ್ಕೆ 10 ಗಂಟೆ 50 ನಿಮಿಷ. ಬರುವಾಗ ಲಂಡನ್ನಿನ ರಾತ್ರಿ 8.30 ಎಂದರೆ ನಮ್ಮಲ್ಲಿ ನಡುರಾತ್ರಿ ಕಳೆದು 2 ಗಂಟೆ. ಅಲ್ಲಿಂದ ಮಧ್ಯಾಹ್ನ 12ಕ್ಕೆ 10 ಗಂಟೆ. ಐದೂ ಅಲ್ಲ, ಹದಿನೈದೂ ಅಲ್ಲ. ಸಮಯ ವಲಯಗಳು ನೆನಪಿಲ್ಲದವರಿಗೆ ಇನ್ನೊಂದು ದಾರಿ ಇದೆ, ಅದನ್ನು ನಾನು ಎಲ್ಲರಿಗೂ ಹೇಳಿಕೊಡುತ್ತೇನೆ: ಹೋಗುವ ಹಾಳೆಯ ವ್ಯತ್ಯಾಸವನ್ನೂ ಬರುವ ಹಾಳೆಯ ವ್ಯತ್ಯಾಸವನ್ನೂ ಕೂಡಿಸಿ ಅರ್ಧ ಮಾಡಬೇಕು. 5 ಗಂಟೆ 20 ನಿಮಿಷಕ್ಕೆ 15 ಗಂಟೆ 30 ನಿಮಿಷ ಸೇರಿದರೆ 20 ಗಂಟೆ 50 ನಿಮಿಷ, ಅದರ ಅರ್ಧ 10 ಗಂಟೆ 25 ನಿಮಿಷ. ಹೋಗುವಾಗ ಗಡಿಯಾರ ಎಷ್ಟು ಹಿಂದೆ ಸರಿದಿತ್ತೋ ಬರುವಾಗ ಅಷ್ಟೇ ಮುಂದೆ ಸರಿಯುವುದರಿಂದ ಕೂಡಿಸಿದಾಗ ಅವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ, ಉಳಿಯುವುದು ಆಕಾಶದಲ್ಲಿ ನಿಜವಾಗಿ ಕಳೆದ ಹೊತ್ತಿನ ಸರಾಸರಿ. ಒಂದು ಎಚ್ಚರಿಕೆ ಬೇಕು: ಬ್ರಿಟನ್ನಿನಲ್ಲಿ ಮಾರ್ಚಿಯ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಅಕ್ಟೋಬರಿನ ಕೊನೆಯ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಆ ಬೇಸಿಗೆಯ ತಿಂಗಳುಗಳಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆಯ ಅಂತರ ಮಾತ್ರ ಇರುತ್ತದೆ. ಹೋಗುವುದು ಮಾರ್ಚಿಯಲ್ಲಿ, ಬರುವುದು ಏಪ್ರಿಲಿನಲ್ಲಿ ಆದರೆ ಕೂಡಿಸಿ ಅರ್ಧ ಮಾಡುವ ಲೆಕ್ಕ ಅರ್ಧ ಗಂಟೆ ತಪ್ಪುತ್ತದೆ.

ಹಾರಾಟದ ಅವಧಿಯನ್ನು ಟಿಕೆಟ್ಟಿನಲ್ಲಿ ಎಲ್ಲೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕು, ಎಷ್ಟು ಹೊತ್ತು ಕೂತಿರಬೇಕು ಎಂದು ಯೋಚಿಸುವ ಅರವತ್ತು ದಾಟಿದ ಪ್ರಯಾಣಿಕರಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಅಂಕಿ ಅದೇ.

ಆದರೂ ಒಂದು ಪ್ರಶ್ನೆ ಉಳಿಯಿತು. ಗಡಿಯಾರದ ಗೊಂದಲ ಕಳೆದ ಮೇಲೂ ಹೋಗುವುದಕ್ಕೆ 50 ನಿಮಿಷ ಹೆಚ್ಚು ಏಕೆ? ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವುದರಿಂದ ಬೆಂಗಳೂರು ವಿಮಾನದ ಕಡೆಗೋ ವಿಮಾನದಿಂದ ದೂರಕ್ಕೋ ಸರಿಯುತ್ತಿರುತ್ತದೆ ಎಂದು ಹಲವರು ವಿವರಿಸುವುದುಂಟು. ಅದು ತಪ್ಪು. ಓಡುತ್ತಿರುವ ರೈಲಿನಲ್ಲಿ ಕೂತು ನಾಣ್ಯವನ್ನು ಮೇಲಕ್ಕೆ ಚಿಮ್ಮಿದರೆ ಅದು ಹಿಂದಿನ ಸೀಟಿಗೆ ಹೋಗಿ ಬೀಳುವುದಿಲ್ಲ, ನಮ್ಮ ಅಂಗೈಗೇ ಬೀಳುತ್ತದೆ. ರೈಲಿನ ವೇಗ ನಾಣ್ಯಕ್ಕೂ ಇರುತ್ತದೆ. ಹಾಗೆಯೇ ಭೂಮಿಯ ಜೊತೆಗೆ ಅದರ ಗಾಳಿಯೂ ಅದರೊಳಗಿನ ವಿಮಾನವೂ ತಿರುಗುತ್ತಿರುತ್ತವೆ. ವ್ಯತ್ಯಾಸ ಮಾಡುವುದು ಗಾಳಿಯ ಸ್ವಂತ ಬೀಸು.

ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ಹರಿಗೋಲಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಬಿಗನ ತೋಳಿನ ಬಲ ಅಷ್ಟೇ ಇದ್ದರೂ ಹೊಳೆಯ ಜೊತೆಗೆ ಹೋಗುವಾಗ ದಡದ ಮರಗಳು ಬೇಗ ಹಿಂದೆ ಸರಿಯುತ್ತವೆ, ಹೊಳೆಗೆ ಎದುರಾಗಿ ಹೋಗುವಾಗ ಅವೇ ಮರಗಳು ಕದಲುವುದೇ ಇಲ್ಲ. ವಿಮಾನಕ್ಕೆ ಗಾಳಿಯೇ ಹೊಳೆ. ಗಾಳಿಯೊಳಗೆ ಅದರ ವೇಗ ಹೆಚ್ಚು ಕಡಿಮೆ ಒಂದೇ. ಬೆಂಗಳೂರು–ದೆಹಲಿ ನಡುವೆ ಓಡಾಡುವ ಏರ್‌ಬಸ್ 320ರಂಥ ವಿಮಾನ ಶಬ್ದದ ವೇಗದ ಶೇ. 78ರಷ್ಟು ವೇಗದಲ್ಲಿ ಹಾರುತ್ತದೆ, 11 ಕಿ.ಮೀ. ಎತ್ತರದ, ಸೊನ್ನೆಗಿಂತ 56 ಡಿಗ್ರಿ ಕೆಳಗಿನ ಚಳಿಯಲ್ಲಿ ಅದು ಗಂಟೆಗೆ ಸುಮಾರು 830 ಕಿ.ಮೀ. ಆಗುತ್ತದೆ. ಲಂಡನ್ನಿನಂಥ ದೂರದ ಊರಿಗೆ ಹೋಗುವ ದೊಡ್ಡ ವಿಮಾನಗಳು ಇನ್ನೂ ತುಸು ವೇಗವಾಗಿ, 900 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತವೆ. ಆದರೆ ನೆಲದ ಮೇಲೆ ಅದರ ನೆರಳು ಎಷ್ಟು ವೇಗವಾಗಿ ಓಡುತ್ತದೆ ಎಂಬುದನ್ನು ತೀರ್ಮಾನಿಸುವುದು ಗಾಳಿ. ಸೀಟಿನ ಮುಂದಿನ ಪರದೆಯಲ್ಲಿ ಕಾಣುವ ವೇಗ ಈ ನೆರಳಿನ ವೇಗವೇ.

ಸಮಭಾಜಕದ ಕಡೆಯಿಂದ ಧ್ರುವದ ಕಡೆಗೆ ಎತ್ತರದಲ್ಲಿ ಸಾಗುವ ಬಿಸಿ ಗಾಳಿ ಭೂಮಿಯ ತಿರುಗುವಿಕೆಯಿಂದಾಗಿ ಪೂರ್ವಕ್ಕೆ ಬಾಗುತ್ತದೆ. ಹಾಗೆ ಬಾಗಿದ ಗಾಳಿ 9ರಿಂದ 12 ಕಿ.ಮೀ. ಎತ್ತರದಲ್ಲಿ ಇಕ್ಕಟ್ಟಾದ ಹೊಳೆಯಂತೆ ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುತ್ತದೆ. ಇದಕ್ಕೆ ಜೆಟ್ ಸ್ಟ್ರೀಮ್ ಎಂದು ಹೆಸರು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಅರಬ್ ನಾಡುಗಳ ಮೇಲೆ ಇದು ಗಂಟೆಗೆ 150 ಕಿ.ಮೀ. ಮೀರಿ ಬೀಸುವುದು ಸಾಮಾನ್ಯ ಸಂಗತಿ. ಹಿರಿಯರ ಜನವರಿಯ ವಿಮಾನ ಹೋಗುವಾಗ ಈ ಹೊಳೆಗೆ ಎದುರಾಗಿ, ಬರುವಾಗ ಇದರ ಜೊತೆಗೆ. ಅವರ 50 ನಿಮಿಷ ಅಲ್ಲಿದೆ.

ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿತಲ್ಲ, ಲೆಕ್ಕ ಸರಿಹೋಯಿತು ಎನ್ನುವಂತೆಯೂ ಇಲ್ಲ. ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ. ಗಂಟೆಗೆ 850 ಕಿ.ಮೀ. ವೇಗದ ವಿಮಾನಕ್ಕೆ 80 ಕಿ.ಮೀ. ಗಾಳಿ ಎದುರಾದರೆ ನೆಲದ ಮೇಲಿನ ವೇಗ 770ಕ್ಕೆ ಇಳಿದು 3 ಗಂಟೆ 30 ನಿಮಿಷ ಹಿಡಿಯುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ ವೇಗ 930ಕ್ಕೆ ಏರಿ 2 ಗಂಟೆ 54 ನಿಮಿಷ ಸಾಕು. ಒಟ್ಟು 6 ಗಂಟೆ 24 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 6 ಗಂಟೆ 21 ನಿಮಿಷ ಆಗುತ್ತಿತ್ತು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುತ್ತದೆ, ಅನುಕೂಲದ ಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ. ಆದ್ದರಿಂದ ಗಾಳಿ ಕೊಟ್ಟದ್ದು ಅದು ಕಿತ್ತುಕೊಂಡದ್ದಕ್ಕಿಂತ ಯಾವಾಗಲೂ ತುಸು ಕಡಿಮೆಯೇ.

ಮಳೆಗಾಲದಲ್ಲಿ ಈ ಚಿತ್ರ ತಿರುಗಿ ನಿಲ್ಲುತ್ತದೆ, ಅದನ್ನು ನೋಡಲು ಚಿತ್ರದುರ್ಗದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಜೂನ್ ತಿಂಗಳಿನಿಂದ ನೈಋತ್ಯ ಮಾರುತ ಬಲವಾದಂತೆ ದುರ್ಗದ ಗುಡ್ಡಗಳ ಸಾಲಿನ ಮೇಲಿನ ಗಾಳಿಯಂತ್ರಗಳು ಪಶ್ಚಿಮಕ್ಕೆ ಮುಖ ಮಾಡಿ ಬಿಡುವಿಲ್ಲದೆ ತಿರುಗುತ್ತವೆ. ಹೆದ್ದಾರಿಯಲ್ಲಿ ಹೋಗುವವರಿಗೆ ಅವುಗಳ ರೆಕ್ಕೆಯ ಬೀಸು ದೂರದಿಂದಲೇ ಕಾಣುತ್ತದೆ. ಅವುಗಳನ್ನು ನೋಡಿದವರು ಮೇಲೆ ಹಾರುವ ವಿಮಾನಕ್ಕೂ ಪಶ್ಚಿಮದ ಗಾಳಿಯೇ ಇರಬೇಕು ಎಂದುಕೊಳ್ಳುವುದು ಸಹಜ. ಆದರೆ ಅದೇ ಗುಡ್ಡದ ನೆತ್ತಿಯಿಂದ ಹತ್ತು ಹನ್ನೆರಡು ಕಿ.ಮೀ. ಮೇಲೆ ಗಾಳಿ ನೇರ ತದ್ವಿರುದ್ಧವಾಗಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತಿರುತ್ತದೆ. ಬೇಸಿಗೆಯಲ್ಲಿ ಕಾದ ಟಿಬೆಟ್ ಪ್ರಸ್ಥಭೂಮಿಯೂ ಮಳೆಯ ಮೋಡಗಳು ಹೊರಸೂಸುವ ಶಾಖವೂ ಸೇರಿ ಉತ್ತರದ ಮೇಲ್ಗಾಳಿಯನ್ನು ದಕ್ಷಿಣಕ್ಕಿಂತ ಬೆಚ್ಚಗೆ ಮಾಡುವುದರಿಂದ ದಕ್ಷಿಣ ಭಾರತದ ಮೇಲೆ ಈ ‘ಪೂರ್ವದ ಜೆಟ್’ ಹುಟ್ಟುತ್ತದೆ. 1950ರ ದಶಕದಲ್ಲಿ ಇದನ್ನು ಗುರುತಿಸಿ ವಿವರಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಹಾಗಾಗಿ ಜನವರಿಯಲ್ಲಿ ಪಶ್ಚಿಮಕ್ಕೆ ಹೋಗುವ ವಿಮಾನವನ್ನು ತಡೆಯುವ ಗಾಳಿ ಜುಲೈಯಲ್ಲಿ ದಕ್ಷಿಣ ಭಾರತದ ಮೇಲೆ ಹಾರುವಷ್ಟು ಹೊತ್ತು ಅದೇ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. ವಿಮಾನ ಸಂಸ್ಥೆಗಳು ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಬೇರೆ ಬೇರೆ ವೇಳಾಪಟ್ಟಿ ಹೊರಡಿಸಿದಾಗ ಒಂದೇ ಮಾರ್ಗದ ಅವಧಿಯಲ್ಲಿ ಹತ್ತಿಪ್ಪತ್ತು ನಿಮಿಷದ ಏರಿಳಿತ ಕಂಡರೆ ಅಚ್ಚರಿಪಡಬೇಕಾಗಿಲ್ಲ.

ಇನ್ನು ಅಂತರದ ವಿಷಯ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿದವರಿಗೆ ದೂರ ಒಂದೇ ಅಲ್ಲ ಎಂಬುದು ಕಾಲಿಗೇ ಗೊತ್ತು. ಕೆಳಗಿನ ಬಾಗಿಲಿನಿಂದ ಮೇಲಿನ ಬತೇರಿ ಕಣ್ಣಳತೆಯಲ್ಲೇ ಇದೆ ಎನಿಸುತ್ತದೆ. ನಡೆಯಲು ಹೋದರೆ ಶತ್ರು ನೇರವಾಗಿ ನುಗ್ಗದಿರಲೆಂದು ಕಟ್ಟಿದ ಬಾಗಿಲುಗಳು ಎಡಕ್ಕೆ, ಬಲಕ್ಕೆ ಹೊರಳಿಸುತ್ತವೆ. ದಾವಣಗೆರೆ–ಬೆಂಗಳೂರಿನ ನಡುವೆಯೂ ಹೀಗೆಯೇ. ಹಕ್ಕಿ ಹಾರಿದಂತೆ ಅಳೆದರೆ ಸುಮಾರು 245 ಕಿ.ಮೀ.; ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಹಾದು ಬರುವ ಹೆದ್ದಾರಿಯಲ್ಲಿ 260 ಚಿಲ್ಲರೆ; ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿ ಬರುವ ರೈಲಿನಲ್ಲಿ ಸುಮಾರು 325. ಈ ಸುತ್ತನ್ನು ತಪ್ಪಿಸಲೆಂದೇ ತುಮಕೂರಿನಿಂದ ಚಿತ್ರದುರ್ಗದ ಮೂಲಕ ದಾವಣಗೆರೆಗೆ ನೇರ ರೈಲು ಮಾರ್ಗಕ್ಕಾಗಿ ಜಿಲ್ಲೆಯ ಜನ ಇಷ್ಟು ವರ್ಷ ಒತ್ತಾಯಿಸುತ್ತ ಬಂದದ್ದು. ಆದರೂ ಅತಿ ಉದ್ದದ ಈ ದಾರಿಯಲ್ಲೇ ವಂದೇ ಭಾರತ್ ರೈಲು ಸುಮಾರು ಮೂರೂವರೆ ಗಂಟೆಯಲ್ಲಿ ಬೆಂಗಳೂರು–ದಾವಣಗೆರೆ ಮುಟ್ಟಿಸುತ್ತದೆ, ಕಾರಿಗಿಂತ ಬೇಗ. ದೂರ ಕಡಿಮೆ ಎಂದ ಮಾತ್ರಕ್ಕೆ ಹೊತ್ತೂ ಕಡಿಮೆ ಎನ್ನಲಾಗದು.

ಮೊಬೈಲಿನಲ್ಲಿ ‘ಬೆಂಗಳೂರು ಲಂಡನ್ ವಿಮಾನ ದೂರ’ ಎಂದು ಹುಡುಕಿದರೆ ಬರುವ 8,000 ಚಿಲ್ಲರೆ ಕಿ.ಮೀ. ಹಕ್ಕಿಯ ದಾರಿಯ ಅಂಕಿ. ಅದನ್ನು ಚಪ್ಪಟೆ ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ಪಡೆದಿಲ್ಲ. ಹಿರಿಯರಿಗೆ ತೋರಿಸಲು ನಾನು ಮನೆಯ ಗ್ಲೋಬನ್ನು ತಂದು, ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಲಂಡನ್ನಿನ ಕಡೆಗೆ ಬಿಗಿಯಾಗಿ ಎಳೆದೆ. ಸಡಿಲವಿದ್ದಾಗ ಅರಬ್ಬೀ ಸಮುದ್ರದ ಮೇಲೆ ಬಿದ್ದಿದ್ದ ದಾರ, ಬಿಗಿಯಾದಂತೆ ತಾನೇ ಉತ್ತರಕ್ಕೆ ಸರಿದು ಮುಂಬೈ, ಕರಾಚಿ, ಇರಾನ್, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಅಂಚು, ಕಪ್ಪು ಸಮುದ್ರದ ಉತ್ತರ, ಉಕ್ರೇನ್, ಜರ್ಮನಿಗಳ ಮೇಲೆ ಬಂದು ನಿಂತಿತು. ಅಡ್ಡಳತೆ 30 ಸೆಂ.ಮೀ. ಇರುವ ಗ್ಲೋಬಿನ ಮೇಲೆ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ.; ದಾರ 19 ಸೆಂ.ಮೀ. ಬಂತು. ಗುಣಿಸಿದರೆ 8,000ಕ್ಕೆ ತುಸು ಮೇಲೆ.

ಗೋಳದ ಮೇಲೆ ಬಿಗಿದ ದಾರ ಹಿಡಿಯುವ ಈ ದಾರಿಗೆ ಮಹಾವೃತ್ತ ಎಂದು ಹೆಸರು. ಅದನ್ನೇ ಮುಂದುವರಿಸಿದರೆ ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವಾಗುತ್ತದೆ. ಶಾಲೆಯ ಗೋಡೆಯ ಮೇಲಿನ ನಕಾಶೆಯಲ್ಲಿ ಗೆರೆ ಎಳೆದಿದ್ದರೆ ಅದು ಮಸ್ಕತ್, ಇರಾಕ್, ಟರ್ಕಿಗಳ ಮೇಲೆ ಹೋಗುತ್ತಿತ್ತು, ನೋಡಲು ನೇರವಾಗಿ ಕಂಡರೂ 200 ಕಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತಿತ್ತು. ಉರುಟಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಉತ್ತರದ ನಾಡುಗಳನ್ನು ಎಳೆದು ಹಿಗ್ಗಿಸಲೇಬೇಕಾಗುತ್ತದೆ, ಆ ಹಿಗ್ಗಿದ ಭಾಗದಲ್ಲಿ ಕಡಿಮೆ ದೂರವೂ ಹೆಚ್ಚಾಗಿ ಕಾಣುತ್ತದೆ. ದೂರ ಹೆಚ್ಚಿದಷ್ಟೂ ಈ ಭ್ರಮೆ ಹೆಚ್ಚು. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಸುಮಾರು 14,000 ಕಿ.ಮೀ. ಇದೆ, ದಾರ ಬಿಗಿದರೆ ಅದು ಪೆಸಿಫಿಕ್ ಸಾಗರವನ್ನು ಅಡ್ಡ ಹಾಯುವುದಿಲ್ಲ, ಚೀನಾ, ಸೈಬೀರಿಯಾ ದಾಟಿ ಆರ್ಕ್‌ಟಿಕ್ ಅಂಚಿಗೆ ಹೋಗಿ ಅಲಾಸ್ಕದ ಕಡೆಯಿಂದ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ವಿಮಾನ ತಂದದ್ದು ಎಷ್ಟು ದೊಡ್ಡ ಸಾಧನೆ ಎಂಬುದು ಗೋಡೆಯ ನಕಾಶೆಯಲ್ಲಿ ತಿಳಿಯುವುದಿಲ್ಲ, ಗ್ಲೋಬಿನ ಮೇಲೆ ಬೆರಳಾಡಿಸಿದರೆ ತಿಳಿಯುತ್ತದೆ.

ಪೈಲಟ್‌ಗಳು ದೂರವನ್ನು ನಾಟಿಕಲ್ ಮೈಲಿನಲ್ಲಿ ಹೇಳುವುದೂ ಈ ಗೋಳದ ಲೆಕ್ಕದಿಂದಲೇ ಬಂದದ್ದು. ಒಂದು ಡಿಗ್ರಿ ಅಕ್ಷಾಂಶದ ಅರವತ್ತನೆಯ ಒಂದು ಭಾಗಕ್ಕೆ ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ಗಂಟೆಗೆ ಒಂದು ನಾಟಿಕಲ್ ಮೈಲು ವೇಗಕ್ಕೆ ಒಂದು ನಾಟ್.

ಆದರೆ ವಿಮಾನ ದಾರದ ಮೇಲೆಯೇ ಹೋಗುತ್ತದೆಯೇ? ಹಿರಿಯರ ವಿಮಾನದ ದಾರಿಯಲ್ಲಿ ಆ ದಾರ ಮುಟ್ಟಿದ ನಾಡುಗಳನ್ನು ಮತ್ತೊಮ್ಮೆ ನೋಡಿ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನ ಸಂಸ್ಥೆಗಳಿಗೆ ತನ್ನ ಆಕಾಶವನ್ನು ಮುಚ್ಚಿತು. 2019ರಲ್ಲಿಯೂ ಫೆಬ್ರವರಿ ಕೊನೆಯಿಂದ ಜುಲೈ ನಡುವಿನವರೆಗೆ ಹೀಗೆಯೇ ಮುಚ್ಚಿತ್ತು. ಉಕ್ರೇನಿನ ಆಕಾಶ 2022ರ ಫೆಬ್ರವರಿಯಿಂದ ಪ್ರಯಾಣಿಕ ವಿಮಾನಗಳಿಗೆ ಇಲ್ಲವಾಯಿತು. ಯುದ್ಧದ ಸುದ್ದಿ ಬಂದಾಗಲೆಲ್ಲ ಇರಾನ್, ಇರಾಕ್‌ಗಳ ಮೇಲಿನ ದಾರಿಗಳೂ ಅಲುಗಾಡುತ್ತವೆ. ಭೂಮಿತಿ ಎಳೆದ ಅತಿ ಚಿಕ್ಕ ದಾರಿಯಲ್ಲಿ ಹೀಗೆ ಎರಡು ಮೂರು ಬಾಗಿಲು ಮುಚ್ಚಿದ್ದರೆ ವಿಮಾನ ಅರಬ್ಬೀ ಸಮುದ್ರದ ಮೇಲೆ ಪಶ್ಚಿಮಕ್ಕೆ ಹೋಗಿ ಅಲ್ಲಿಂದ ಉತ್ತರಕ್ಕೆ ತಿರುಗಬೇಕಾಗುತ್ತದೆ. ದಕ್ಷಿಣದಲ್ಲಿರುವ ನಮಗೆ ಈ ಸುತ್ತು ದೆಹಲಿಯವರಷ್ಟು ದೊಡ್ಡದಲ್ಲ. ಅವರ ಪಶ್ಚಿಮದ ದಾರಿಯ ಮೊದಲ ಬಾಗಿಲೇ ಪಾಕಿಸ್ತಾನ. ಇನ್ನು ಹಿಮಾಲಯ ಮತ್ತು ಟಿಬೆಟ್ಟಿನ ಮೇಲಿನ ಆಕಾಶ ತೆರೆದಿದ್ದರೂ ವಿಮಾನಗಳು ಅದನ್ನು ಸಾಧ್ಯವಾದಷ್ಟು ತಪ್ಪಿಸುತ್ತವೆ: ಒಳಗಿನ ಗಾಳಿಯ ಒತ್ತಡ ಕುಸಿದರೆ ಕೂಡಲೇ 10,000 ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ.

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗಬೇಕಲ್ಲವೇ ಎಂದು ಲೆಕ್ಕ ಮಾಡುವವರಿಗೆ ಇನ್ನೊಂದು ವ್ಯತ್ಯಾಸ ಎದುರಾಗುತ್ತದೆ. ಬೆಂಗಳೂರು ವಿಮಾನ ನಿಲ್ದಾಣದಿಂದ ದೆಹಲಿ ನಿಲ್ದಾಣಕ್ಕೆ ಸುಮಾರು 1,700 ಕಿ.ಮೀ.; 830ರಿಂದ ಭಾಗಿಸಿದರೆ ಎರಡು ಗಂಟೆ ಮೂರು ನಿಮಿಷ. ಟಿಕೆಟ್ಟಿನಲ್ಲಿರುವುದು ಎರಡೂಮುಕ್ಕಾಲು ಗಂಟೆಯಿಂದ ಮೂರು ಗಂಟೆ. ಟಿಕೆಟ್ಟಿನ ಸಮಯ ಚಕ್ರ ನೆಲ ಬಿಟ್ಟಾಗ ಶುರುವಾಗುವುದಿಲ್ಲ, ವಿಮಾನವನ್ನು ಗೇಟಿನಿಂದ ಹಿಂದಕ್ಕೆ ತಳ್ಳಿದಾಗ ಶುರುವಾಗುತ್ತದೆ; ಆ ಕಡೆಯ ಗೇಟಿಗೆ ಹೋಗಿ ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ತೆವಳುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ತೆವಳುವುದು ಎಲ್ಲವೂ ಅದರೊಳಗಿನ ಹೊತ್ತೇ.

ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿಯೇ, ಆದ್ದರಿಂದ ಮಳೆಗಾಲದಲ್ಲಿ ಉತ್ತರದ ದೆಹಲಿಗೆ ಹೊರಟ ವಿಮಾನವೂ ಮೊದಲು ಪಶ್ಚಿಮಕ್ಕೆ ಮುಖ ಮಾಡಿಯೇ ಏರಿ ಆಮೇಲೆ ಬಲಕ್ಕೆ ಹೊರಳುತ್ತದೆ. ಪೂರ್ತಿ ಎತ್ತರ ಮುಟ್ಟಲು ಇಪ್ಪತ್ತು ಇಪ್ಪತ್ತೈದು ನಿಮಿಷ, ಇಳಿಯಲು ಹೆಚ್ಚು ಕಡಿಮೆ ಅಷ್ಟೇ. ಆ ಹೊತ್ತಿನಲ್ಲೆಲ್ಲ ವೇಗ ಪೂರ್ತಿ ಇರುವುದಿಲ್ಲ. ಊರು ಹತ್ತಿರವಾದಷ್ಟೂ ಇದರ ಭಾರ ಹೆಚ್ಚು ತಗಲುತ್ತದೆ. 2023ರ ಆಗಸ್ಟ್ 31ರಂದು ಶುರುವಾದ ಬೆಂಗಳೂರು–ಶಿವಮೊಗ್ಗ ವಿಮಾನವನ್ನೇ ನೋಡಿ: ನೇರ ದೂರ 240 ಕಿ.ಮೀ.ಗೂ ತುಸು ಕಡಿಮೆ, ಟಿಕೆಟ್ಟಿನ ಸಮಯ ಒಂದೂಕಾಲು ಗಂಟೆಯ ಆಸುಪಾಸು. ಸರಾಸರಿ ವೇಗ ಗಂಟೆಗೆ 190 ಕಿ.ಮೀ. ಅಷ್ಟೇ. ಅದೇ ಲೆಕ್ಕದಲ್ಲಿ ಬೆಂಗಳೂರು–ದೆಹಲಿಗೆ 600 ಕಿ.ಮೀ. ಆಸುಪಾಸು ಬರುತ್ತದೆ, ಬೆಂಗಳೂರು–ಲಂಡನ್ನಿಗೆ 770 ಆಗುತ್ತದೆ. ಮನೆಯಲ್ಲಿ ಕೂತು ಅಂದಾಜು ಮಾಡುವವರು ನೇರ ದೂರವನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿಕೊಂಡರೆ ಜೆಟ್ ವಿಮಾನದ ಸಮಯ ಬಹುಮಟ್ಟಿಗೆ ಸರಿಬರುತ್ತದೆ. ಲಂಡನ್ನಿಗೆ ಹಾಗೆ ಮಾಡಿದರೆ ಹತ್ತೂವರೆ ಗಂಟೆ, ದುಬೈಗೆ ನಾಲ್ಕು ಗಂಟೆಗೆ ತುಸು ಕಡಿಮೆ.

ಇಷ್ಟೆಲ್ಲ ಹೇಳಿದರೂ ದಾವಣಗೆರೆಯವರ ಪ್ರಶ್ನೆಗೆ ಉತ್ತರ ಪೂರ್ತಿಯಾಗಲಿಲ್ಲ. ನಮ್ಮ ಊರಿನಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಪರೀಕ್ಷಾ ವಲಯದಲ್ಲಿ ಒಳ್ಳೆಯ ರನ್‌ವೇ ಇದೆ. 2023 ಮತ್ತು 2024ರಲ್ಲಿ ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟು, ಅದು ತಾನೇ ದಾರಿ ಹುಡುಕಿಕೊಂಡು ಬಂದು ಇಳಿದದ್ದು ಅಲ್ಲಿಯೇ. ಜಿಲ್ಲೆಗೆ ಹೆಮ್ಮೆಯ ಸಂಗತಿ ನಿಜ, ಆದರೆ ಟಿಕೆಟ್ಟು ಹಿಡಿದವರು ದೇವನಹಳ್ಳಿಗೋ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗಲೇಬೇಕು. ಹತ್ತಿರದ್ದು ಶಿವಮೊಗ್ಗ, ಹೊನ್ನಾಳಿಯ ದಾರಿಯಲ್ಲಿ ಎರಡು ಗಂಟೆ. ಅಲ್ಲಿ ಒಂದೂವರೆ ಗಂಟೆ ಮುಂಚೆ ಇರಬೇಕು, ಬೆಂಗಳೂರಿಗೆ ಒಂದೂಕಾಲು ಗಂಟೆ, ಮುಂದಿನ ವಿಮಾನಕ್ಕೆ ನಡುವೆ ಎರಡು ಗಂಟೆಯಾದರೂ ಬಿಡುವು. ಒಟ್ಟು ಸುಮಾರು ಏಳು ಗಂಟೆ. ಕಾರಿನಲ್ಲಿ ನೇರವಾಗಿ ದೇವನಹಳ್ಳಿಗೆ ಹೋದರೆ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಸುಮಾರು 270 ಕಿ.ಮೀ., ನಾಲ್ಕೂವರೆ ಗಂಟೆ. ಎರಡು ಗಂಟೆ ಮುಂಚೆ ಸೇರಿದರೂ ಆರೂವರೆಯೊಳಗೆ ಮುಗಿಯುತ್ತದೆ. ದೆಹಲಿಗೆ ಹೋಗುವವರ ಲೆಕ್ಕ ಬೇರೆ. ಹುಬ್ಬಳ್ಳಿಯಿಂದ ದೆಹಲಿಗೆ ನೇರ ವಿಮಾನ ಸಿಗುವ ದಿನಗಳಲ್ಲಿ ಅಲ್ಲಿಗೆ ಎರಡೂವರೆ ಗಂಟೆಯಲ್ಲಿ ತಲಪಿ ಹತ್ತಿದರೆ, ಬೆಂಗಳೂರಿಗೆ ಹೋಗಿ ಹತ್ತುವುದಕ್ಕಿಂತ ಮನೆಯಿಂದ ಮನೆಗೆ ಎರಡು ಗಂಟೆ ಉಳಿಯುತ್ತದೆ. ದೆಹಲಿ ಹುಬ್ಬಳ್ಳಿಗೆ ಬೆಂಗಳೂರಿಗಿಂತ 200 ಕಿ.ಮೀ.ಗೂ ಹೆಚ್ಚು ಹತ್ತಿರ ಎಂಬುದು ಇಲ್ಲಿ ಸಿಗುವ ಲಾಭ.

ಹಿರಿಯರ ಲಂಡನ್ ಪ್ರಯಾಣವನ್ನು ಕೊನೆಗೆ ವಿಮಾನ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿದೆವು. ವಿಮಾನ ಜನವರಿ 20ರ ಬೆಳಿಗ್ಗೆ 7ಕ್ಕೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ, ಅಂದರೆ ನಸುಕಿನ 4ಕ್ಕೆ ನಿಲ್ದಾಣದಲ್ಲಿರಬೇಕು. ದಾರಿಗೆ ನಾಲ್ಕೂವರೆ ಗಂಟೆ, ಶಿರಾದಾಚೆ ಒಂದು ಚಹಾದ ಬಿಡುವು, ಜನವರಿಯ ಮಂಜಿಗೆಂದು ಒಂದಿಷ್ಟು ಹೊತ್ತು ಕೈಯಲ್ಲಿ. ಮನೆ ಬಿಡುವುದು ರಾತ್ರಿ 10ಕ್ಕೆ. ಅಲ್ಲಿಂದ ಲಂಡನ್ನಿನ ನೆಲ ಮುಟ್ಟುವವರೆಗೆ ಹತ್ತೊಂಬತ್ತು ಮುಕ್ಕಾಲು ಗಂಟೆ, ಪಾಸ್‌ಪೋರ್ಟ್ ತಪಾಸಣೆ, ಸಾಮಾನು, ಮಗಳ ಮನೆಯ ದಾರಿ ಎಲ್ಲ ಸೇರಿ ಇಪ್ಪತ್ತೆರಡೂವರೆ. ಅದರಲ್ಲಿ ವಿಮಾನದೊಳಗಿನ ಹೊತ್ತು ಅರ್ಧಕ್ಕಿಂತ ಕಡಿಮೆ.

ಅವರು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದಿದ್ದರು. ಟಿಕೆಟ್ಟಿನ ಮೇಲೆ 20 ಎಂದಿದ್ದರಿಂದ 20ರ ಚೌಕಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಕಾರಿನವನಿಗೂ ಅದೇ ತಾರೀಕು ಹೇಳಿದ್ದರು. ಆ ಸುತ್ತನ್ನು ಹಾಗೆಯೇ ಬಿಟ್ಟು ಪಕ್ಕದ 19ರ ಚೌಕದಲ್ಲಿ ‘ರಾತ್ರಿ 10, ಮನೆ ಬಿಡೋದು’ ಎಂದು ಬರೆದರು, ಅಲ್ಲೇ ಕೂತು ಕಾರಿನವನಿಗೆ ಫೋನು ಹಚ್ಚಿದರು.